ಹಿಮದ ಮೇಲೆ ಇಳಿದವಳು

“ಗುರುಗಳೇ, ಒಂದು ಕೆಲಸವನ್ನು ಪೂರ್ತಿ ತಿಳಿದುಕೊಳ್ಳದೆ ಅದಕ್ಕೆ ಕೈ ಹಾಕುವುದು ತಪ್ಪಲ್ಲವೇ?” ಎಂದು ಅಡವೀಶ ಕೇಳಿದ.

ಅಡವೀಶ ಮಠಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ಓದಿನಲ್ಲಿ ಅವನನ್ನು ಮೀರಿಸಿದವರು ಅಲ್ಲಿ ಯಾರೂ ಇರಲಿಲ್ಲ. ನದಿಯಾಚೆಯ ಶಾಖಾಮಠದಲ್ಲಿ ಭಕ್ತರು ಎರಡು ಪಂಗಡವಾಗಿದ್ದರು. ಒಬ್ಬರ ಮುಖ ಒಬ್ಬರು ನೋಡದಂತಾಗಿ ಅಲ್ಲಿಯ ದಾಸೋಹ ನಿಂತುಹೋಗಿತ್ತು. ಹೋಗಿ ಅದನ್ನು ನಡೆಸು ಎಂದು ಗುರುಗಳು ಹಿಂದಿನ ಮಳೆಗಾಲದಲ್ಲಿಯೇ ಅವನಿಗೆ ಹೇಳಿದ್ದರು. ಜಗಳದ ಬೇರು ತಿಳಿಯಲಿ, ಆಮೇಲೆ ಹೋಗುತ್ತೇನೆ ಎಂದು ಅವನು ಹೇಳುತ್ತ ಬಂದಿದ್ದ. ಆ ಕಡೆಯಿಂದ ಬಂದವರನ್ನೆಲ್ಲ ಕೂರಿಸಿಕೊಂಡು ವಿಚಾರಿಸುತ್ತಿದ್ದ. ವಿಚಾರಿಸಿದಷ್ಟೂ ಜಗಳಕ್ಕೆ ಹೊಸ ಹೊಸ ಬೇರುಗಳು ಸಿಗುತ್ತಿದ್ದವು.

ಗುರುಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಉತ್ತರದಲ್ಲಿ ಒಂದು ನಾಡು. ಅಲ್ಲಿ ರಸ್ತೆಗಳಿಗಿಂತ ಸರೋವರಗಳು ಹೆಚ್ಚು. ವರ್ಷದ ಅರ್ಧ ಹಿಮ ಬೀಳುತ್ತದೆ. ಆ ನಾಡಿನಲ್ಲಿ ಒಬ್ಬ ಹೆಂಗಸು ವಿಮಾನ ನಡೆಸುತ್ತಿದ್ದಳು. ಸಣ್ಣ ವಿಮಾನ, ನಾಲ್ಕು ಜನ ಕೂತರೆ ತುಂಬಿಹೋಗುವಂಥದ್ದು. ಅದರ ಹೊಟ್ಟೆ ದೋಣಿಯ ಆಕಾರದ್ದು, ಆದ್ದರಿಂದ ನೀರಿನ ಮೇಲೆ ಇಳಿಯುತ್ತಿತ್ತು. ಬೇಕಾದಾಗ ಹೊರಗೆ ಬಿಡುವ, ಬೇಡವಾದಾಗ ಮಡಿಚಿಕೊಳ್ಳುವ ಚಕ್ರಗಳಿದ್ದವು, ಆದ್ದರಿಂದ ನೆಲದ ಮೇಲೂ ಇಳಿಯುತ್ತಿತ್ತು.

ಇಂಥ ವಿಮಾನ ನಡೆಸುವವರು ಒಂದು ವಿಷಯವನ್ನು ಎಂದೂ ಮರೆಯುವಂತಿಲ್ಲ. ನೆಲಕ್ಕೆ ಇಳಿಯುವಾಗ ಚಕ್ರ ಕೆಳಗಿರಬೇಕು, ನೀರಿಗೆ ಇಳಿಯುವಾಗ ಮೇಲಿರಬೇಕು. ಚಕ್ರ ಬಿಟ್ಟುಕೊಂಡು ನೀರಿಗೆ ಇಳಿದರೆ ಅದು ನೀರಿಗೆ ಸಿಕ್ಕಿಕೊಂಡು ವಿಮಾನ ಮುಂದಕ್ಕೆ ಮಗುಚುತ್ತದೆ. ಅವಳ ಜೊತೆಯ ಚಾಲಕನೊಬ್ಬ ಹಾಗೆಯೇ ಮುಳುಗಿ ಸತ್ತಿದ್ದ. ಅಂದಿನಿಂದ ಅವಳು ಪ್ರತಿ ಸಲ ಇಳಿಯುವ ಮುಂಚೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು: ‘ಇದು ನೀರು, ಚಕ್ರ ಮೇಲೆ.’ ಇಲ್ಲವಾದರೆ, ‘ಇದು ನೆಲ, ಚಕ್ರ ಕೆಳಗೆ.’ ಹಿಂದೆ ಕೂತವರು ನಕ್ಕರೂ ಬಿಡುತ್ತಿರಲಿಲ್ಲ. ಅವಳಷ್ಟು ಜಾಗರೂಕರಾದ ಚಾಲಕರು ಆ ನಾಡಿನಲ್ಲಿ ಇನ್ನೊಬ್ಬರಿಲ್ಲ ಎಂದು ಹೆಸರಾಗಿತ್ತು. ಆ ಮಾತು ನಿಜವೂ ಆಗಿತ್ತು.

ಬೇಸಿಗೆಯಲ್ಲಿ ಅವಳು ಸರೋವರದ ದಡದ ಹಳ್ಳಿಗಳಿಗೆ ಹಿಟ್ಟು, ಸೀಮೆಎಣ್ಣೆ, ಔಷಧಿ ಒಯ್ಯುತ್ತಿದ್ದಳು. ಬರುವಾಗ ರೋಗಿಗಳನ್ನೋ ಬಸುರಿಯರನ್ನೋ ಪಟ್ಟಣಕ್ಕೆ ಕರೆತರುತ್ತಿದ್ದಳು. ನೀರು ಹೆಪ್ಪುಗಟ್ಟುವ ಹೊತ್ತಿಗೆ ವಿಮಾನವನ್ನು ಕೊಟ್ಟಿಗೆಗೆ ಸೇರಿಸಿಬಿಡುತ್ತಿದ್ದರು. ಚಳಿಗಾಲದಲ್ಲಿ ಹಳ್ಳಿಯವರು ಗುಡ್ಡದ ಕಣಿವೆ ಹಾದು ನಡೆದೇ ಬರಬೇಕು.

ಒಂದು ಚಳಿಗಾಲ ಆ ಕಣಿವೆಯೂ ಹಿಮ ಕುಸಿದು ಮುಚ್ಚಿಹೋಯಿತು. ಅದೇ ವಾರ, ದೂರದ ಒಂದು ಹಳ್ಳಿಯಲ್ಲಿ ಮರ ಕಡಿಯುವವನೊಬ್ಬನ ಕಾಲಿನ ಮೇಲೆ ದಿಮ್ಮಿ ಉರುಳಿತು. ಮೂಳೆ ಮುರಿದು ಚರ್ಮದಿಂದ ಆಚೆ ಬಂದಿತ್ತು. ಅವನ ಹೆಂಡತಿ ಹಳ್ಳಿಯ ರೇಡಿಯೋದಲ್ಲಿ ಪಟ್ಟಣದ ವೈದ್ಯರೊಡನೆ ಮಾತಾಡಿದಳು. ಜ್ವರ ಬಂದಿದೆ, ಕಾಲು ಊದುತ್ತಿದೆ ಎಂದಳು. ಬೇಗ ಕರೆತರದಿದ್ದರೆ ಮೊದಲು ಕಾಲು ಹೋಗುತ್ತದೆ, ಆಮೇಲೆ ಮನುಷ್ಯನೇ ಹೋಗುತ್ತಾನೆ ಎಂದು ವೈದ್ಯರು ವಿಮಾನ ಕಚೇರಿಗೆ ತಿಳಿಸಿದರು.

ಕಚೇರಿಯ ಮೇಲ್ವಿಚಾರಕ ಒಳ್ಳೆಯ ಮನುಷ್ಯ. ಅವನು ಚಾಲಕಿಯನ್ನು ಕರೆಸಿ ಹೇಳಿದ: “ಹೋಗಿ ನೋಡಿ ಬಾ. ಇಳಿಯಬಹುದು ಅನ್ನಿಸಿದರೆ ಇಳಿ. ಸ್ವಲ್ಪ ಅನುಮಾನ ಬಂದರೂ ವಾಪಸ್ಸು ಬಾ. ಯಾಕೆ ಬಂದೆ ಎಂದು ಯಾರೂ ನಿನ್ನನ್ನು ಕೇಳುವುದಿಲ್ಲ.”

ಅವಳು ಹೋದಳು. ಹಳ್ಳಿಯ ಮೇಲೆ ಬಂದು ಕೆಳಗೆ ನೋಡಿದಳು. ಅಂದು ಮೋಡ ಕವಿದಿತ್ತು. ಮೋಡ ಬಿಳಿ, ಗುಡ್ಡ ಬಿಳಿ, ಸರೋವರ ಬಿಳಿ. ಎಲ್ಲಿಯೂ ನೆರಳಿಲ್ಲ. ಆಕಾಶ ಎಲ್ಲಿ ಮುಗಿಯಿತು, ಹಿಮ ಎಲ್ಲಿ ಶುರುವಾಯಿತು ಎಂದು ಹೇಳುವ ಒಂದು ಗೆರೆಯೂ ಇರಲಿಲ್ಲ. ದಡದಲ್ಲಿ ಮಾತ್ರ ಕೆಲವು ಜನ ಕರಿ ಚುಕ್ಕೆಗಳ ಹಾಗೆ ನಿಂತಿದ್ದರು. ಅವರ ನಡುವೆ ಜಾರುಬಂಡಿಯೊಂದಿತ್ತು. ಅದರ ಮೇಲೆ ಗಾಯಾಳುವನ್ನು ಕಂಬಳಿ ಸುತ್ತಿ ಮಲಗಿಸಿದ್ದರು.

ಅವಳು ಅಭ್ಯಾಸದಂತೆ ಬಾಯಿ ತೆರೆದಳು. ‘ಇದು’ ಎಂದಳು. ಮುಂದಿನ ಮಾತು ಬರಲಿಲ್ಲ.

ಹಿಮದ ಕೆಳಗೆ ಇರುವುದು ಬಂಡೆಯಂಥ ಮಂಜುಗಡ್ಡೆ. ಹಾಗಾದರೆ ಅದು ನೆಲ, ಚಕ್ರ ಬಿಡಬೇಕು. ಆದರೆ ಮೇಲಿನ ಹಿಮ ಆಳವಾಗಿ ಮೆತ್ತಗಿದ್ದರೆ ಚಕ್ರ ಹೂತುಕೊಳ್ಳುತ್ತದೆ, ವಿಮಾನ ಮೂಗು ಮುಂದಾಗಿ ಮುಗ್ಗರಿಸುತ್ತದೆ. ಚಕ್ರ ಮಡಿಚಿ ಹೊಟ್ಟೆಯ ಮೇಲೆ ಇಳಿಯೋಣವೆಂದರೆ, ಹಿಮ ತೆಳ್ಳಗಿದ್ದು ಕೆಳಗೆ ಬರೀ ಗಡ್ಡೆಯೇ ಇದ್ದರೆ? ವಿಮಾನ ನಿಲ್ಲದೆ ಜಾರಿಕೊಂಡು ಹೋಗಿ ದಡದ ಮರಗಳಿಗೆ ಬಡಿಯುತ್ತದೆ. ಅವಳು ರೇಡಿಯೋದಲ್ಲಿ ಹಳ್ಳಿಯವರನ್ನು ಕೇಳಿದಳು. ಒಬ್ಬ, ಮೊಣಕಾಲುದ್ದ ಹಿಮ ಇದೆ ಎಂದ. ಇನ್ನೊಬ್ಬ ಅವನ ಕೈಯಿಂದ ರೇಡಿಯೋ ಕಿತ್ತುಕೊಂಡು, ಗಟ್ಟಿಯಾಗಿದೆ, ನಾವೆಲ್ಲ ಅದರ ಮೇಲೆಯೇ ಓಡಾಡುತ್ತೇವೆ ಎಂದ. ಇಬ್ಬರೂ ಸುಳ್ಳು ಹೇಳುವವರಲ್ಲ.

ಅವಳು ಸುತ್ತಿದಳು. ಮತ್ತೆ ಸುತ್ತಿದಳು. ಪ್ರತಿ ಸುತ್ತಿಗೂ ಇನ್ನೊಂದಿಷ್ಟು ಕೆಳಗೆ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. ನೋಡಿದಷ್ಟೂ ಬಿಳುಪೇ ಕಂಡಿತು. ಎತ್ತರ ಎಷ್ಟಿದೆ ಎನ್ನುವುದೂ ತಿಳಿಯದಾಯಿತು. ದಡದ ಜನ ಕೈ ಬೀಸಿದರು. ಒಬ್ಬ ಹೆಂಗಸು ತಲೆಯ ವಸ್ತ್ರ ಬಿಚ್ಚಿ ಎರಡೂ ಕೈಯಿಂದ ಬೀಸುತ್ತಿದ್ದಳು.

ಬೆಳಕು ಇಳಿಯತೊಡಗಿತು. ಹಿಂತಿರುಗಲು ಬೇಕಾದಷ್ಟು ಎಣ್ಣೆ ಮಾತ್ರ ಉಳಿದಾಗ ಅವಳು ವಿಮಾನ ತಿರುಗಿಸಿದಳು. ಹಿಮ ಗುಡಿಸಿದ್ದ ಪಟ್ಟಣದ ಮೈದಾನಕ್ಕೆ ಬಂದು, ‘ಇದು ನೆಲ, ಚಕ್ರ ಕೆಳಗೆ’ ಎಂದು ಹೇಳಿಕೊಂಡು, ಸ್ವಲ್ಪವೂ ಅಲುಗದಂತೆ ಇಳಿದಳು.

ಮೇಲ್ವಿಚಾರಕ ಎದುರು ಬಂದು ಅವಳ ಕೈ ಹಿಡಿದುಕೊಂಡ. “ಒಳ್ಳೆಯ ಕೆಲಸ ಮಾಡಿದೆ. ವಿಮಾನವೂ ಉಳಿಯಿತು, ನೀನೂ ಉಳಿದೆ” ಎಂದ. ಮನಸ್ಸಿನಿಂದಲೇ ಹೇಳಿದ. ಅವಳಿಗೂ ಸಮಾಧಾನವಾಯಿತು. ಕಚೇರಿಯೊಳಗೆ ಹೋಗಿ ಕೈಗವಸು ತೆಗೆದು ಒಲೆಯ ಮುಂದೆ ಕೂತಳು.

ಅಷ್ಟರಲ್ಲಿ ರೇಡಿಯೋ ಕರೆಯಿತು. ಮರ ಕಡಿಯುವವನ ಹೆಂಡತಿ. ಅವಳು ಕೂಗಾಡಲಿಲ್ಲ.

“ನೀವು ಸುತ್ತುವುದನ್ನು ನಾವೆಲ್ಲ ನೋಡಿದೆವು. ಕೈ ಬೀಸಿದೆವು. ನಿಮಗೆ ಕಾಣಿಸಲಿಲ್ಲವೇ?”

“ಕಾಣಿಸಿತು” ಎಂದಳು ಚಾಲಕಿ.

“ಮತ್ತೆ?”

ಚಾಲಕಿ ಬೆಳಕಿನ ವಿಷಯ ಹೇಳಬಹುದಿತ್ತು, ಹಿಮದ ವಿಷಯ ಹೇಳಬಹುದಿತ್ತು. ಅದೆಲ್ಲ ನಿಜವೇ. ಆದರೂ ಹೇಳಲಿಲ್ಲ. ಆ ಹೆಂಗಸು, “ಕತ್ತಲಾಗುವ ತನಕ ಅವರನ್ನು ಹೊರಗೇ ಮಲಗಿಸಿಕೊಂಡು ಕಾದೆವು. ಈಗ ಒಳಗೆ ತಂದಿದ್ದೇವೆ. ಕಾಲಿನ ಬೆರಳು ನೀಲಿಯಾಗಿದೆ” ಎಂದು ಹೇಳಿ ರೇಡಿಯೋ ಇಟ್ಟಳು.

ಚಾಲಕಿ ಎದ್ದು ಕೈಗವಸು ಹಾಕಿಕೊಂಡಳು. ಅದೇ ಪಟ್ಟಣದಲ್ಲಿ ಅವಳಿಗೆ ವಿಮಾನ ಕಲಿಸಿದ ಹಿರಿಯ ಚಾಲಕ ಇದ್ದ. ವಯಸ್ಸಾಗಿ ಕೆಲಸ ಬಿಟ್ಟಿದ್ದ. ಅವಳು ಹೋದಾಗ ಅವನು ಮಂಚದ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದ.

“ಅದು ನೆಲವೋ ನೀರೋ ನನಗೆ ಗೊತ್ತಾಗಲಿಲ್ಲ” ಎಂದಳು.

“ಎರಡೂ ಅಲ್ಲ. ಅದು ಹಿಮ” ಎಂದ ಅವನು. “ಚಕ್ರ ಮಡಿಚಿಕೋ. ಹೊಟ್ಟೆಯ ಮೇಲೆ ಇಳಿ.”

“ಅಡಿಯಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ?”

“ಮುಟ್ಟಿ ನೋಡಬೇಕು. ಹೊಟ್ಟೆಯನ್ನು ಹಿಮಕ್ಕೆ ಸವರಿಕೊಂಡು ಹೋಗು, ಕೂರಬೇಡ, ಹಾಗೆಯೇ ಎದ್ದುಬಿಡು. ಸುತ್ತಿ ಬಂದು ನೀನು ಎಳೆದ ಗೆರೆ ನೋಡು. ಬೆಳ್ಳಗೇ ಇದ್ದರೆ ಅಡಿ ಗಟ್ಟಿ. ಕಪ್ಪಾಗಿದ್ದರೆ ಗಡ್ಡೆ ಬಿರಿದು ಹಿಮದ ಕೆಳಗೆ ನೀರು ನಿಂತಿದೆ, ಅಲ್ಲಿ ಇಳಿದರೆ ಏಳಲಾರೆ.”

“ಮುಟ್ಟುವುದಕ್ಕಾದರೂ ಎತ್ತರ ತಿಳಿಯಬೇಕಲ್ಲ. ಅಲ್ಲಿ ಏನೂ ಕಾಣುವುದಿಲ್ಲ.”

“ಕಾಣುವುದಿಲ್ಲ. ನಿಧಾನವಾಗಿ ಒಂದೇ ಸಮನೆ ಇಳಿಯುತ್ತ ಕಾಯಬೇಕು. ನೆಲ ಎಲ್ಲಿದೆ ಎಂದು ಹುಡುಕಲು ಹೋಗಬೇಡ. ಹುಡುಕಿದರೆ ಅದು ಇಲ್ಲದ ಕಡೆ ಸಿಗುತ್ತದೆ.”

ಅವಳು, “ಇದನ್ನು ನೀವು ನನಗೆ ಕಲಿಸಲೇ ಇಲ್ಲ” ಎಂದಳು. ಅವನು ಸುಲಿದ ಆಲೂಗಡ್ಡೆಯನ್ನು ನೀರಿಗೆ ಹಾಕಿದ. “ನೀನು ಕೇಳಲಿಲ್ಲ. ಬೇಸಿಗೆಯಲ್ಲಿ ಹಾರುವವರಿಗೆ ಅದು ಬೇಕಾಗುವುದೂ ಇಲ್ಲ” ಎಂದ.

ಬೆಳಗಾಯಿತು. ಎಂಜಿನ್ನಿಗೆ ಕಂಬಳಿ ಹೊದಿಸಿ, ಕೆಳಗೆ ಅಗ್ಗಿಷ್ಟಿಕೆ ಇಟ್ಟು ಕಾಯಿಸಿದರು. ಮೇಲ್ವಿಚಾರಕ ಬಂದು, ಮೋಡ ನಿನ್ನೆಯಂತೆಯೇ ಇದೆ, ಹೋಗುವುದು ನಿನ್ನ ಇಷ್ಟ ಎಂದ. ಅವಳು ಹೋದಳು.

ಸರೋವರದ ಮೇಲಿನ ಬಿಳುಪು ಹಾಗೆಯೇ ಇತ್ತು. ಹೊಸದಾಗಿ ಏನೂ ಕಾಣಲಿಲ್ಲ. ದಡದಲ್ಲಿ ಜನ ಇರಲಿಲ್ಲ. ವಿಮಾನದ ಸದ್ದು ಹಳ್ಳಿಗೆ ಕೇಳಿಸಿರಲೇಬೇಕು. ಆದರೂ ಯಾರೂ ಹೊರಗೆ ಬರಲಿಲ್ಲ.

ಇಳಿಯುವ ಮುಂಚೆ ಅವಳು ಬಾಯಿ ತೆರೆದಳು. “ಇದು ಏನೆಂದು ಗೊತ್ತಿಲ್ಲ. ಚಕ್ರ ಮೇಲೆ” ಎಂದಳು.

ಅವಳು ಸರೋವರದ ಒಂದು ತುದಿಯಿಂದ ಇಳಿಯುತ್ತ ಬಂದಳು. ಕಣ್ಣನ್ನು ಮುಂದಿನ ಮಾಪಕಗಳ ಮುಳ್ಳುಗಳ ಮೇಲೆ ಇಟ್ಟಳು. ವೇಗ ಇಷ್ಟು, ಇಳಿತ ಇಷ್ಟು. ಹೊರಗೆ ನೋಡಲಿಲ್ಲ. ಒಂದು ಕ್ಷಣ, ನೆಲ ಈಗಲೇ ಬಂತು, ವಿಮಾನದ ಮೂಗೆತ್ತಲು ಹಿಡಿಯನ್ನು ಎಳೆ ಎಂದು ಇಡೀ ಮೈ ಹೇಳಿತು. ಎಳೆಯಲಿಲ್ಲ. ಇನ್ನೊಂದು ಕ್ಷಣ, ನೆಲ ಬರುವುದೇ ಇಲ್ಲ ಎನ್ನಿಸಿತು. ಆಗಲೂ ಕೈಯನ್ನು ಇದ್ದಲ್ಲಿಯೇ ಇಟ್ಟುಕೊಂಡಳು. ಹಾಗೆ ಕಾಯುವುದು ಅವಳು ಈವರೆಗೆ ಮಾಡಿದ ಎಲ್ಲ ಕೆಲಸಕ್ಕಿಂತ ಕಷ್ಟವಾಗಿತ್ತು. ಆಮೇಲೆ ಜರಡಿಯಲ್ಲಿ ಹಿಟ್ಟು ಸೋಸಿದಂಥ ಸದ್ದು ಹೊಟ್ಟೆಯ ಕೆಳಗೆ ಕೇಳಿಸಿತು. ಹಿಮ! ತಕ್ಷಣ ಎಂಜಿನ್ನಿನ ವೇಗ ಏರಿಸಿ ಎದ್ದಳು.

ಸುತ್ತಿ ಬಂದು ನೋಡಿದಳು. ಬಿಳುಪಿನ ನಡುವೆ ಉದ್ದಕ್ಕೆ ಒಂದು ಗೆರೆ ಬಿದ್ದಿತ್ತು. ನೋಡುತ್ತಿದ್ದ ಹಾಗೆಯೇ ಅದು ಒದ್ದೆ ಬಟ್ಟೆಯಂತೆ ಕಪ್ಪಗಾಯಿತು. ಅಡಿಯಲ್ಲಿ ನೀರು. ಅಲ್ಲಿ ಕೂತಿದ್ದರೆ ವಿಮಾನ ಅಲ್ಲಿಯೇ ಹೆಪ್ಪುಗಟ್ಟುತ್ತಿತ್ತು.

ಆದರೆ ಈಗ ಸರೋವರದ ಮೇಲೆ ಒಂದು ಗೆರೆ ಇತ್ತು. ಅದನ್ನು ಓರೆಗಣ್ಣಿನಿಂದ ನೋಡಿದರೆ ಎತ್ತರ ತಿಳಿಯುತ್ತಿತ್ತು. ಅದರ ಗುರುತಿನಿಂದ ಅವಳು ಬಡಗಣ ದಡದ ಹತ್ತಿರ ಇನ್ನೊಂದು ಸಲ ಸವರಿದಳು. ಸುತ್ತಿ ಬಂದಳು. ಆ ಗೆರೆ ಬೆಳ್ಳಗೇ ಇತ್ತು. ಇನ್ನೊಮ್ಮೆ ಸುತ್ತಿ ಕಾದು ನೋಡಿದಳು. ಬೆಳ್ಳಗೇ ಇತ್ತು.

ಮುಂದಿನ ಸಲ ಅವಳು ಕೂತಳು.

ಚೆನ್ನಾಗಿ ಕೂತಳು ಎಂದು ಹೇಳಲಾಗದು. ಗಾಳಿ ಅಲ್ಲಲ್ಲಿ ಹಿಮವನ್ನು ದಿಣ್ಣೆ ಕಟ್ಟಿತ್ತು. ವಿಮಾನ ದಿಣ್ಣೆಯಿಂದ ದಿಣ್ಣೆಗೆ ಕುಪ್ಪಳಿಸಿತು. ರೆಕ್ಕೆಗಳ ತುದಿಯಲ್ಲಿ, ನೀರಿನ ಮೇಲೆ ಆತುಕೊಳ್ಳಲೆಂದು ಒಂದೊಂದು ತೇಲುವ ಡಬ್ಬಿ ಇರುತ್ತದೆ. ಎಡಗಡೆಯ ಡಬ್ಬಿ ದಿಣ್ಣೆಯೊಂದಕ್ಕೆ ಬಡಿದು ಜಜ್ಜಿಹೋಯಿತು. ಆದರೂ ವಿಮಾನ ಮಗುಚಲಿಲ್ಲ.

ಈಗ ನಿಲ್ಲುವಂತಿರಲಿಲ್ಲ. ಮೊದಲ ಗೆರೆಯ ನೀರು ಹೊಟ್ಟೆಗೆ ಅಂಟಿತ್ತು. ನಿಂತರೆ ಹಿಮಕ್ಕೆ ಕಚ್ಚಿಕೊಳ್ಳುತ್ತದೆ. ಅವಳು ಎಂಜಿನ್ ಆರಿಸದೆ ಹಿಮದ ಮೇಲೆಯೇ ದೊಡ್ಡ ಸುತ್ತು ಹಾಕುತ್ತಿದ್ದಳು. ಯಾರಾದರೂ ಬರಲಿ ಎಂದು ದಡದ ಕಡೆ ನೋಡುತ್ತಿದ್ದಳು.

ಒಬ್ಬಳೇ ಹೆಂಗಸು ಮನೆಯಿಂದ ಹೊರಗೆ ಬಂದಳು. ಹಿಮದಲ್ಲಿ ಬೀಳುತ್ತ ಏಳುತ್ತ ಓಡಿ ಬಂದಳು. ಚಾಲಕಿ ಕಿಟಕಿ ತೆರೆದು, “ಸೊಪ್ಪಿನ ಕೊಂಬೆ ತಂದು ಹಾಸಿ. ಅದರ ಮೇಲೆ ನಿಲ್ಲಿಸಬೇಕು” ಎಂದು ಕೂಗಿದಳು. ಆ ಹೆಂಗಸು ಯಾಕೆ ಏನು ಎಂದು ಕೇಳಲಿಲ್ಲ. ತಿರುಗಿ ಓಡಿ ಬೇಲಿಗೆ ಒಟ್ಟಿದ್ದ ಕೊಂಬೆಗಳನ್ನು ತಬ್ಬಿಕೊಂಡು ತಂದು ಹಾಸಿದಳು. ಮತ್ತೆ ಹೋಗಿ ತಂದಳು. ಅಷ್ಟರಲ್ಲಿ ಉಳಿದವರೂ ಬಂದರು. ವಿಮಾನ ಕೊಂಬೆಗಳ ಮೇಲೆ ಬಂದು ನಿಂತಿತು.

ಹೆಂಗಸು ಏದುಸಿರು ಬಿಡುತ್ತ ಚಾಲಕಿಯ ಮುಖ ನೋಡಿದಳು.

“ನಿನ್ನೆ ಬಂದವರು ನೀವೇನಾ?”

“ಹೌದು. ನಾನೇ.”

ಹೆಂಗಸು ಮನೆಯ ಕಡೆ ತಿರುಗಿದಳು. “ಬನ್ನಿ, ನಮ್ಮವರ ತಲೆಯ ಕಡೆ ಹಿಡಿಯಿರಿ” ಎಂದಳು.

ಗಾಯಾಳುವನ್ನು ತಂದು ವಿಮಾನದೊಳಗೆ ಮಲಗಿಸಿದರು. ಅವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಮುದುಡಿಕೊಂಡು ಕೂತಳು. ಹಳ್ಳಿಯವರು ಬಾಲ ಹಿಡಿದು ಅಲ್ಲಾಡಿಸಿ ವಿಮಾನವನ್ನು ಕೊಂಬೆಗಳಿಂದ ಬಿಡಿಸಿದರು. ಚಾಲಕಿ ತಾನು ಸುತ್ತು ಹಾಕಿ ಗಟ್ಟಿ ಮಾಡಿದ ಜಾಡಿನ ಮೇಲೆಯೇ ಓಡಿಸಿ ಎದ್ದಳು.

ಆ ಮನುಷ್ಯ ಬದುಕಿದ. ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಬೇಕಾಯಿತು. ಒಂದು ದಿನ ಮೊದಲು ಬಂದಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ಚಾಲಕಿ ವೈದ್ಯರನ್ನು ಕೇಳಿದಳು. ಉಳಿಯುತ್ತಿತ್ತೇನೋ, ಈಗ ಹೇಳಲಾಗದು ಎಂದರು ವೈದ್ಯರು.

ಆಮೇಲೆ ವಿಚಾರಣೆ ನಡೆಯಿತು. ಮೇಲಧಿಕಾರಿಗಳು ದೊಡ್ಡ ಊರಿನಿಂದ ಬಂದಿದ್ದರು. ರೆಕ್ಕೆಯ ಡಬ್ಬಿ ಜಜ್ಜಿದ್ದು, ಹೊಟ್ಟೆಯ ತಗಡು ಬಿರಿದದ್ದು, ಹಿಮದ ಮೇಲೆ ಇಳಿಯುವ ಪರವಾನಗಿ ಇಲ್ಲದೆ ಇಳಿದದ್ದು ಎಲ್ಲವನ್ನೂ ಕೇಳಿದರು. ದಿಣ್ಣೆಗಳನ್ನು ಯಾಕೆ ನೋಡಲಿಲ್ಲ ಎಂದರು. ನೋಡಬೇಕಿತ್ತು, ನೋಡಲಿಲ್ಲ ಎಂದಳು. ಗಾಳಿಗೆ ಎದುರಾಗಿ ಇಳಿಯದೆ ಅಡ್ಡವಾಗಿ ಯಾಕೆ ಇಳಿದೆ ಎಂದರು. ಅದೂ ನನ್ನ ತಪ್ಪೇ ಎಂದಳು. ಹಿಂದಿನ ದಿನದ ಹಾರಾಟದ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದರಲ್ಲಿ ಕೇಳುವಂಥದ್ದೇನೂ ಇರಲಿಲ್ಲ. ಬೇಸಿಗೆಯವರೆಗೆ ಅವಳು ವಿಮಾನ ಮುಟ್ಟಬಾರದು ಎಂದು ತೀರ್ಮಾನವಾಯಿತು. ಅವಳು ಅದಕ್ಕೆ ಎದುರಾಡಲಿಲ್ಲ. ಆ ಚಳಿಗಾಲವೆಲ್ಲ ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ಮರ ಕಡಿಯುವವನು ಮರದ ಕಾಲು ಕಟ್ಟಿಕೊಂಡು ಗೋಡೆ ಹಿಡಿದು ನಡೆಯುವುದನ್ನು ಕಲಿಯುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ನೋಡಿ ಹಿಂತಿರುಗುತ್ತಿದ್ದಳು. ಒಂದು ದಿನ ಅವನ ಹೆಂಡತಿ ಒಳಗಿನಿಂದಲೇ ಒಂದು ಕುರ್ಚಿಯನ್ನು ಅವಳ ಕಡೆ ಸರಿಸಿದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಅಡವೀಶ ಕತೆಯನ್ನು ಆ ಕಡೆಯಿಂದ ಈ ಕಡೆಯಿಂದ ತೂಗಿ ನೋಡಿದ. ಅವನಿಗೆ ಒಂದು ಕಡೆ ಮಾತ್ರ ಸರಿಹೋಗಲಿಲ್ಲ.

“ಗುರುಗಳೇ, ಮೊದಲ ದಿನ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಮೇಲಿನವರೂ ಅನುಮಾನ ಬಂದರೆ ವಾಪಸ್ಸು ಬಾ ಎಂದೇ ಹೇಳಿದ್ದರು. ಹಾಗಿರುವಾಗ ಅವಳು ಹಿಂತಿರುಗಿದ್ದು ತಪ್ಪೇ?”

“ಇಲ್ಲಪ್ಪ, ಆ ದಿನ ಅವಳು ಒಂದು ತಪ್ಪನ್ನೂ ಮಾಡಲಿಲ್ಲ. ತಪ್ಪು ಮಾಡದೆ ಹಿಂತಿರುಗಿದಳು, ಅವಳು ಮಾಡಿದ್ದು ಅಷ್ಟೇ” ಎಂದರು ಗುರುಗಳು.